ಹಿಟ್ಟಿನ ಹಾಳೆಯ ಕೆಳಗೆ ಕರೆಂಟ್ ಬಿಲ್ಲು

ಬಸ್ಸಿಳಿದಲ್ಲಿ ಬೋರ್ಡಿಲ್ಲ. ಒಂದು ಪ್ಲಮ್ ಮರ,
ಮರಕ್ಕೊರಗಿದ ಸೈಕಲ್ಲು, ಅದರ ಮೇಲೆ ಹನ್ನೊಂದರ ಹುಡುಗಿ.
'ಪಾಸ್ತಾಕ್ಕೆ ಬಂದವರಾ?' ಎಂದಳು,
ಹಲ್ಲು ಕೀಳಿಸಲು ಬಂದವರನ್ನು ಕೇಳುವ ಹಾಗೆ.
ಹೆಸರು ಇಲ್ದೆ.
ನಕ್ಕುಬಿಟ್ಟೆ. ನಮ್ಮ ಮಾತಲ್ಲಿ ಅದು ಹೆಸರಲ್ಲ ಮಗೂ,
ಉಪ್ಪಿಲ್ದೆ, ನಿದ್ದೆಯಿಲ್ದೆ, ಯಾರೂ ಇಲ್ದೆ,
ಹೀಗೆ ಯಾವುದರದೋ ಬಾಲ ಹಿಡಿದು ಬರುತ್ತದೆ.
ಭುಜ ಕುಣಿಸಿ ಸೈಕಲ್ ತಳ್ಳಿದಳು.

ಅವಳಜ್ಜಿ ಫೆದೋರಾ. ಅಡುಗೆಮನೆಯಲ್ಲಿ
ಬಾಗಿಲಷ್ಟು ಅಗಲದ ಹಲಗೆ, ಹಲಗೆಯ ಮೇಲೆ ಹಿಟ್ಟಿನ ದಿಬ್ಬ,
ದಿಬ್ಬದ ನೆತ್ತಿಯಲ್ಲಿ ಕುಳಿ, ಕುಳಿಯಲ್ಲಿ ಐದು ಮೊಟ್ಟೆ,
ಐದು ಹಳದಿ ಕಣ್ಣು ತೊಲೆ ನೋಡುತ್ತಿವೆ.
ಜೊತೆಗೆ ಕಲಿಯಲು ಡೆನ್ಮಾರ್ಕಿನ ಗಂಡಹೆಂಡಿರು;
ದಾರಿಯಲ್ಲೇ ಜಗಳವಾಡಿಕೊಂಡು ಬಂದವರು
ಒಂದೇ ಮುದ್ದೆಯನ್ನು ಎರಡು ಕಡೆಯಿಂದ ನಾದಿದರು.

ಅಜ್ಜಿ ಹೇಳುತ್ತಾಳೆ, ಕೈ ಬೀಸಿ, ಬೆಟ್ಟ ತೋರಿಸಿ, ಎದೆ ಮುಟ್ಟಿಕೊಂಡು,
ಒಂದು ಹರದಾರಿ ಉದ್ದ.
ಇಲ್ದೆ ಹೇಳುತ್ತಾಳೆ: 'ನೀರು ಬೇಡವಂತೆ.'
ಅಜ್ಜಿ ಮತ್ತೆ ಶುರು. ಯಾರದೋ ಮದುವೆ, ಒಂದು ಹೇಸರಗತ್ತೆ,
ನನಗೆ ತಿಳಿದ ಮಟ್ಟಿಗೆ ಹೇಸರಗತ್ತೆಯೇ ಓಡಿಹೋದದ್ದು.
ಇಲ್ದೆ: 'ಅಂಗೈ ಬುಡದಿಂದ ನಾದಬೇಕಂತೆ.'

ಹದ ಬಂತೇ ಅಂತ ಕೇಳಲು ಮಾತಿಲ್ಲದೆ ಮುದ್ದೆ ತೋರಿಸಿದೆ.
ಫೆದೋರಾ ಹಿಟ್ಟು ಮುಟ್ಟಲಿಲ್ಲ, ನನ್ನ ಕಿವಿ ಹಿಡಿದಳು.
ಐವತ್ತೆಂಟರ ಹೆಂಗಸಿನ ಕಿವಿ,
ಹೈಸ್ಕೂಲಿನ ಆಮೇಲೆ ಯಾರೂ ಹಿಡಿಯದ್ದು.
ಹಾಲೆ ಹಿಸುಕಿ, ಮುದ್ದೆ ಹಿಸುಕಿ, ಮತ್ತೆ ಹಾಲೆ:
ಇದು ಅದರ ಹಾಗಾಗುವ ತನಕ ನಾದು.
ಇಷ್ಟಕ್ಕೆ ಮಾತ್ರ ನಡುವೆ ಯಾರೂ ಬೇಕಾಗಲಿಲ್ಲ.

ಹಿಟ್ಟು ಬೋಗುಣಿ ಹೊದ್ದು ಮಲಗಿದ ಅರ್ಧ ಗಂಟೆ
ಲಟ್ಟಣಿಗೆ ಒರೆಸುತ್ತ ಮಾತಾಡಿದಳು. ಮೆಲ್ಲಗೆ. ಈ ಸಲ ಕೈ ಆಡಲಿಲ್ಲ.
ನನ್ನ ತೋಳಿಗಿಂತ ಉದ್ದದ ಲಟ್ಟಣಿಗೆ, ನಡುವೆ ಸವೆದದ್ದು.
'ಅವಳ ಅತ್ತೆಯದು,' ಎಂದಳು ಇಲ್ದೆ. ಉಗುರು ಕಚ್ಚಿದಳು.
'ಇಬ್ಬರಿಗೂ ಆಗ್ತಿರಲಿಲ್ಲವಂತೆ.'
ಅಷ್ಟೇನಾ?
'ಒಂಬತ್ತು ವರ್ಷ ಒಂದೇ ಹಲಗೆಯಂತೆ. ಮಾತಿಲ್ದೆ.'
ಉಂಗುರದ ಹಿಟ್ಟು ಕೆರೆಯುತ್ತಿದ್ದ ಡೆನ್ಮಾರ್ಕಿನವ ತಲೆಯೆತ್ತಿದ.

ಆಮೇಲೆ ಹಾಳೆ. ಲಟ್ಟಿಸಿದಷ್ಟೂ ಹಲಗೆ ಸಾಲದು,
ಅಂಚು ದಾಟಿ ಸೆರಗಿನಂತೆ ಇಳಿಯುತ್ತದೆ,
ಅದನ್ನು ಹೊಟ್ಟೆಯಿಂದ ಒತ್ತಿ ಹಿಡಿಯಬೇಕು.
ಸಾಕೇ? ಸಾಲದು. ಫೆದೋರಾ ಡ್ರಾಯರ್ ಎಳೆದು
ಕರೆಂಟ್ ಬಿಲ್ಲು ತಂದು ಹಾಳೆಯಡಿ ತೂರಿಸಿದಳು:
ಮೊತ್ತ ಕಾಣಬೇಕು.

ಮೂವತ್ತೊಂದು ವರ್ಷ ಎಕ್ಸ್‌ರೇ ತೆಗೆದವಳು ನಾನು.
ಎರಡು ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದೆ.
ಬೇರೆಯವರಿಗೆ ಹೇಳುತ್ತಿದ್ದುದನ್ನು ನನಗೇ ಹೇಳಿಕೊಂಡೆ:
ಉಸಿರು ಹಿಡಿಯಿರಿ. ಅಲ್ಲಾಡಬೇಡಿ.
ಹಾಳೆಯಾಚೆ ದ್ರಾಕ್ಷಿಸಾಲು, ಟ್ರ್ಯಾಕ್ಟರು, ಹಗ್ಗದ ಮೇಲೊಂದು ಅಂಗಿ,
ಎಲ್ಲವೂ ಮೂಳೆಯ ಹಾಗೆ ಮಸುಕು.
ಬಿಡಿ ಅನ್ನುವ ಮುಂಚೆ
ಹರಿಯಿತು. ಮೊಳದುದ್ದ.

ಇಂಥದ್ದು ಕಂಡಾಗ ಮುಖದಲ್ಲಿ ಏನೂ ತೋರಿಸಬಾರದು,
ನನ್ನ ಕೆಲಸದ ಮೊದಲ ಪಾಠ ಅದು.
ಫೆದೋರಾಗೆ ಆ ಪಾಠ ಆಗಿಲ್ಲ, ಬಿದ್ದು ಬಿದ್ದು ನಕ್ಕಳು.
ಚಾಕು ಕೊಟ್ಟು, ಕೊಯ್ಯಿ ಎಂದಳು, ಹೇಗೆಂದರೆ ಹಾಗೆ,
ಓರೆ, ಸೊಟ್ಟ, ಮೂರು ಮೂಲೆ, ಐದು ಮೂಲೆ.
'ಮಾಲ್ತಾಲ್ಯಾತಿ.'
ಇಲ್ದೆ: 'ಕೆಟ್ಟದಾಗಿ ಕೊಯ್ದದ್ದು. ಹೆಸರೇ ಅದು.
ಅಂಗಡಿಯಲ್ಲೂ ಹಾಗೇ ಕೇಳಿ ತರ್ತೀವಿ.'

ಬೀನ್ಸ್ ಕಾಳಿನ ಸಾರಿಗೆ ಬಿದ್ದವು ನನ್ನ ತಪ್ಪುಗಳೆಲ್ಲ,
ದಪ್ಪನೆಯವು ಸ್ವಲ್ಪ ಹಸಿ.
ಡೆನ್ಮಾರ್ಕಿನ ಹೆಂಡತಿ ಉಪ್ಪು ಕೇಳಿದಳು,
ಗಂಡ ಮೆಣಸು ಸರಿಸಿದ.

ಹೊರಡುವಾಗ ಬಿಲ್ಲಿನ ಹಿಟ್ಟು ಕೊಡವಿ
ಅಜ್ಜಿ ಮೊತ್ತ ಓದಿಕೊಂಡಳು, ಈಗಷ್ಟೇ ಕಂಡವಳಂತೆ,
ಒಂದೇ ಒಂದು ಶಬ್ದ ಅಂದಳು. ಗಿಡ್ಡದ್ದು.
ಏನಂತೆ?
ಸೈಕಲ್ ತಳ್ಳುತ್ತ, ಪ್ಲಮ್ ಮರದ ತನಕ,
ಕಂಪನಿ, ಕೊಟ್ಟಿಗೆಯ ಮೀಟರು, ಅಪ್ಪ, ಹಳೆಯ ಫ್ರಿಜ್ಜು,
ಇಲ್ದೆ ಹೇಳಿದಳು, ಹೇಳಿದಳು,
ಬಸ್ಸು ಬಂದು ನಿಂತರೂ ಮುಗಿದಿರಲಿಲ್ಲ.